ಪೋಖ್ರಾನಿನಲ್ಲಿ ತೋಡಿದ ಬಾವಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಪಕ್ಕದ ಹಳ್ಳಿ ನಮ್ಮದು. ಕಪ್ಪು ಮಣ್ಣು, ಅರಿಸಿನ, ಈರುಳ್ಳಿ. ನಾನು ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ ಕಾಲದಲ್ಲಿ ಹೋಟೆಲಿನ ರೇಡಿಯೋ ಸುತ್ತ ಜನ ಗುಂಪುಗೂಡಿದ್ದು ನೆನಪಿದೆ. ದೂರದ ಮರಳುಗಾಡಿನಲ್ಲಿ ನಮ್ಮವರು ಅಣುಬಾಂಬು ಸಿಡಿಸಿದರಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ಪೋಖ್ರಾನಿನ ಮೊದಲ ಸ್ಫೋಟ. ಆ ಹೆಸರು ಆಗ ನನ್ನ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಗಾಜಿನ ಡಬ್ಬಿಯೊಳಗಿನ ಬನ್ನು.

ದೊಡ್ಡವನಾಗಿ ಸೈನ್ಯ ಸೇರಿದೆ. ಎಂಜಿನಿಯರ್ ರೆಜಿಮೆಂಟು, ಅಂದರೆ ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲ ಅಗೆಯುವುದು. ಒಂದು ವರ್ಷ ನಮ್ಮ ತುಕಡಿಯನ್ನು ಅದೇ ಪೋಖ್ರಾನಿನ ಫೈರಿಂಗ್ ರೇಂಜಿಗೆ ಕಳಿಸಿದರು. ಅಲ್ಲಿ ಹಿಂದೆ ಯಾವಾಗಲೋ ತೋಡಿಟ್ಟ ಆಳದ ಬಾವಿಗಳಿದ್ದವು. ಅವುಗಳಲ್ಲಿ ನೀರು ಜಿನುಗಿ ನಿಂತಿತ್ತು. ಪಂಪು ಇಟ್ಟು ನೀರು ತೆಗೆಯಬೇಕು, ಗೋಡೆ ಭದ್ರ ಮಾಡಬೇಕು, ಹೊಸದನ್ನೂ ತೋಡಬೇಕು. ಯಾಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಕಾಶದಿಂದ ಪರದೇಶದವರು ನೋಡುತ್ತಾರೆ ಎಂದಷ್ಟೇ ಹೇಳಿದ್ದರು. ಕತ್ತಲಲ್ಲಿ ಕೆಲಸ, ಹಗಲು ನಿದ್ದೆ. ಬೆಳಗಾಗುವ ಮುಂಚೆ ಗಾಡಿಗಳೆಲ್ಲ ಹಿಂದಿನ ದಿನ ನಿಂತಿದ್ದ ಜಾಗದಲ್ಲೇ ನಿಲ್ಲಬೇಕು. ಅಗೆದ ಮರಳನ್ನು ಗಾಳಿಯೇ ಗುಡ್ಡೆ ಹಾಕಿದಂತೆ ಒಪ್ಪವಾಗಿ ಇಳಿಜಾರು ಮಾಡಿ ಸುರಿಯಬೇಕು. ನಾವು ಮಾಡಿದ ಕೆಲಸ ಕಾಣಿಸದ ಹಾಗೆ ಮಾಡುವುದೇ ದೊಡ್ಡ ಕೆಲಸವಾಗಿತ್ತು.

ಮನೆಗೆ ಕಾಗದ ಬರೆದರೆ "ಕ್ಷೇಮ, ಇಲ್ಲಿ ಬಿಸಿಲು ಜಾಸ್ತಿ" ಎಂಬ ಎರಡು ಮಾತಿನ ಮೇಲೆ ಮೂರನೆಯದು ಹೊಳೆಯುತ್ತಿರಲಿಲ್ಲ. ಕನ್ನಡ ಮಾತಾಡುವವರು ಆ ಕ್ಯಾಂಪಿನಲ್ಲಿ ಇನ್ನೊಬ್ಬರಿರಲಿಲ್ಲ. ಒಮ್ಮೆ ಮರಳಿನ ಮೇಲೆ ಹೊರಟಿದ್ದ ಒಂಟೆಗೆ "ಎಲ್ಲಿಗೆ ಓಯ್ತಿದ್ದೀಯಲಾ?" ಅಂದುಬಿಟ್ಟೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಮೇ ತಿಂಗಳ ಆ ದಿನ ಬೆಳಿಗ್ಗೆ ನಮ್ಮಲ್ಲಿ ಕೆಲವರನ್ನು ಹತ್ತಿರದ ಹಳ್ಳಿಗೆ ಕಳಿಸಿದರು. ತೋಪು ಹಾರಿಸುವ ಅಭ್ಯಾಸವಿದೆ, ಜನರನ್ನೂ ದನಗಳನ್ನೂ ಮನೆಯಿಂದ ಹೊರಗೆ ಬಯಲಿನಲ್ಲಿ ಕೂರಿಸಿ ಎಂದು ಅಪ್ಪಣೆ. ಊರಂಚಿನ ಒಂದು ಮನೆಯ ಮುದುಕಿ ಒಪ್ಪಲಿಲ್ಲ. ಒಳಗೆ ಅವಳ ಸೊಸೆ ಹಸಿ ಬಾಣಂತಿ.

"ಈ ಬಿಸಿಲಿಗೆ ಕೂಸನ್ನ ಹೊರಗೆ ಹಾಕ್ಲಾ? ನಿನ್ನ ತಾಯಿ ಹಾಕಿದ್ಲಾ ನಿನ್ನ?" ಎಂದು ಅವಳ ಭಾಷೆಯಲ್ಲಿ ಬೈದಳು. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಅರ್ಥ ಬೇಕಿರಲಿಲ್ಲ.

ನಾನು ಹೋಗಿ ಗಾಡಿಗೆ ಹೊದಿಸುವ ತಾಡಪಾಲು ತಂದು ಬನ್ನಿಮರದ ಕೊಂಬೆಗೆ ಕಟ್ಟಿದೆ. ಕೆಳಗೆ ನೀರು ಚಿಮುಕಿಸಿದೆ. ಮುದುಕಿ ನೋಡುತ್ತ ನಿಂತಿದ್ದು, ಕೊನೆಗೆ ತಾನೇ ಮಂಚ ಎಳೆದುಕೊಂಡು ಬಂದಳು. ಸೊಸೆ ಮುಖದ ತುಂಬ ಸೆರಗು ಎಳೆದುಕೊಂಡು, ಕೂಸನ್ನು ಅವುಚಿಕೊಂಡು ಕೂತಳು. "ಎಷ್ಟು ಹೊತ್ತು?" ಅಂದಳು ಮುದುಕಿ. ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೆಲ ಅಲುಗಿತು. ಸದ್ದಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ಯಾರೋ ಅಡಿಯಿಂದ ಚಾಪೆ ಜಗ್ಗಿದ ಹಾಗೆ. ದೂರದಲ್ಲಿ ಧೂಳು ಗೋಡೆಯಂತೆ ಎದ್ದು ನಿಂತಿತು. ಮನೆಯೊಳಗೆ ಮಡಕೆಗಳು ಒಡೆದವು, ಗೋಡೆ ಸೂರಿನಿಂದ ನೆಲದವರೆಗೆ ಸೀಳಿತು. ಮುದುಕಿ ಎದ್ದು ಹೋಗಿ ಸೀಳಿನೊಳಗೆ ಬೆರಳಿಟ್ಟು ನೋಡಿದಳು. "ಹಿಂದೆಯೂ ಒಂದ್ಸಲ ಹೀಗೇ ನಡುಗಿತ್ತು. ಆಗ ನಾನು ಸೊಸೆ" ಅಂದಳು. ಆಗಲೇ ನನಗೆ ಹೋಟೆಲಿನ ರೇಡಿಯೋ ನೆನಪಾದದ್ದು, ನಾವು ತೋಡಿದ್ದು ಏನೆಂದು ಗೊತ್ತಾದದ್ದು. ಕ್ಯಾಂಪಿಗೆ ಮರಳಿದರೆ ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು. ನಾನೂ ಕುಣಿದೆ. ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವರ ನಡುವೆ ಇದ್ದೂ ನನ್ನ ಮನಸ್ಸು ಇನ್ನೂ ಆ ಮರದ ಕೆಳಗೇ ಇತ್ತು.

ರಜೆಗೆ ಬಂದಾಗ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಅದೇ ಮಾತು. "ನೋಡ್ದೇನ್ಲಾ, ಎಂಗೆ ನಡುಗಿಸ್ಬುಟ್ರು!" ಎಂದು ಹಳೆಯ ಸ್ನೇಹಿತ ಬೆನ್ನು ತಟ್ಟಿದ. ಅವನು ಅದನ್ನು ನನಗೇ ವಿವರಿಸಿ ಹೇಳಿದ, ನಾನು ಹೂಂಗುಟ್ಟಿದೆ. ಮನೆಯಲ್ಲಿ ಹೆಂಡತಿ "ಎಲ್ಲಿದ್ರಿ ಇಷ್ಟು ದಿನ?" ಅಂದಳು. "ಗಡಿ ಕಡೆ" ಅಂದೆ. ಬಾಯಿ ಬಿಡಬಾರದೆಂದು ಆಜ್ಞೆಯಿತ್ತು. ಆಜ್ಞೆ ಸಡಿಲವಾಗಿ ಪುಸ್ತಕ, ಪತ್ರಿಕೆಗಳಲ್ಲೆಲ್ಲ ಬಂದ ಮೇಲೂ ನನ್ನ ಬಾಯಿ ಸಡಿಲವಾಗಲಿಲ್ಲ. ನಿವೃತ್ತನಾಗಿ ಬಂದು, ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯಲ್ಲಿ ಮದ್ದೂರು ಕಡೆ ಕಾಡಿನ ಗೇಟು ಕಾಯುವ ಕೆಲಸ ಹಿಡಿದೆ. ಕೇರಳದ ಲಾರಿಗಳು, ಜಿಂಕೆಗಳು, ಆನೆಯ ಲದ್ದಿ. ಮಾತು ಬೇಡುವ ಕೆಲಸವಲ್ಲ ಅದು. ನನಗೆ ಹೊಂದಿತು.

ಹೋದ ವರ್ಷ ಒಂದು ದಿನ ಟಿವಿಯಲ್ಲಿ ಪೋಖ್ರಾನಿನ ಮೇಲೆ ಕಾರ್ಯಕ್ರಮ ಬಂತು. ಎಂಜಿನಿಯರ್ ಸೈನಿಕರು ಬಾವಿ ತೋಡಿದ ಕಥೆ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀವು ಅಲ್ಲೇ ಇದ್ರಾ?"

"ಇದ್ದೆ."

"ಯಾಕ್ ಏಳ್ನಿಲ್ಲ?"

ನಾನು ಅವಳ ಮೊರದಿಂದ ಒಂದು ಕಾಯಿ ತೆಗೆದು ಸುಲಿಯತೊಡಗಿದೆ. ಅವಳು ಸಿಟ್ಟು ಮಾಡಲಿಲ್ಲ. ಕಾಯೆಲ್ಲ ಸುಲಿದಾದ ಮೇಲೆ, "ಒಂದ್ಸಲ ಓಗನ, ನನಗೂ ತೋರ್ಸಿ" ಅಂದಳು.

ಚಳಿಗಾಲದಲ್ಲಿ ಇಬ್ಬರೂ ರೈಲು ಹತ್ತಿದೆವು. ರೇಂಜಿನ ಬೇಲಿಯ ಹತ್ತಿರ ನಿಂತು ಒಳಗೆ ಕೈ ತೋರಿಸಿದೆ. ತೋರಿಸಲು ಏನೂ ಇರಲಿಲ್ಲ, ಮರಳು, ಕುರುಚಲು ಗಿಡ. ಕಾವಲಿನ ಸೈನಿಕ, ನನ್ನ ಮಗನ ವಯಸ್ಸಿನವನು, "ಅಂಕಲ್, ಇಲ್ಲಿ ನಿಲ್ಲಬೇಡಿ" ಅಂದ. ನಾನೂ ಇಲ್ಲಿದ್ದವನು ಎಂದು ಹೇಳಬೇಕೆಂದುಕೊಂಡೆ. ಅವನು ಆಗಲೇ ಬೇರೆ ಕಡೆ ನೋಡುತ್ತಿದ್ದ.

ಆ ಮನೆ ಸಿಕ್ಕಿತು. ಮುದುಕಿ ತೀರಿಕೊಂಡಿದ್ದಳು. ಅಂದಿನ ಬಾಣಂತಿ ಈಗ ನರೆಗೂದಲಿನ ಮನೆಯೊಡತಿ. ರೇಂಜು ನೋಡಲು ಬಂದವರು ಅಂದುಕೊಂಡು ಕರೆದು ಮಜ್ಜಿಗೆ ಕೊಟ್ಟಳು. ಆ ದಿನದ ಕಥೆ ಅವಳಿಗೆ ಬಾಯಿಪಾಠ. ಅತ್ತೆ ಬೈದದ್ದು, ಕೂಸಿನ ಬೆವರುಸಾಲೆ, ಒಡೆದ ಮಡಕೆಗಳು, ಗೋಡೆ. ಆಮೇಲೆ ಊರಿನಲ್ಲಿ ದನಗಳಿಗೆ ಕಾಯಿಲೆ ಬಂದದ್ದನ್ನೂ ಹೇಳಿದಳು. ಅದು ಆ ಸ್ಫೋಟದಿಂದಲೇ ಎಂದು ಊರವರು ನಂಬುತ್ತಾರೆ. ಹೌದೋ ಅಲ್ಲವೋ ಹೇಳುವಷ್ಟು ನನಗೆ ತಿಳಿದಿಲ್ಲ. ಅವಳ ಕಥೆಯಲ್ಲಿ ಮರದ ನೆರಳಿತ್ತು. ತಾಡಪಾಲು ಇರಲಿಲ್ಲ, ನಾನೂ ಇರಲಿಲ್ಲ.

ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೆಂಡತಿಗೆ ಹೇಳಿದೆ. ಅವಳು ಮೊಣಕೈಯಲ್ಲಿ ತಿವಿದಳು. "ನಾನೂ ಅವತ್ತು ಇಲ್ಲೇ ಇದ್ದೆ ಅಂತ ಏಳಿ."

ಹೇಳಲಿಲ್ಲ. ಯಾಕೋ ಆ ಕಥೆ ಆ ಮನೆಯೊಡತಿಯದಾಗಿಯೇ ಇರಲಿ ಅನ್ನಿಸಿತು. ಮುಂದೆ ಇವರಿಬ್ಬರಿಗೆ ನನ್ನ ಅಗತ್ಯವೂ ಇರಲಿಲ್ಲ. ಭಾಷೆ ಬಾರದೆ ಇದ್ದರೂ ಒಳಗೆ ಹೋಗಿ, ಸೀಳಿಗೆ ಗಾರೆ ಮೆತ್ತಿದ ಗೋಡೆ ನೋಡಿ, ಕೈ ಹಿಡಿದುಕೊಂಡು ಏನೇನೋ ಮಾತಾಡಿದರು. ನಾನು ಅಂಗಳದಲ್ಲಿ ಚಪ್ಪಲಿಯ ಪಕ್ಕ ಕೂತಿದ್ದೆ.

ವಾಪಸ್ ಬರುವಾಗ ರೈಲಿನಲ್ಲಿ ಹೆಂಡತಿ ನನ್ನತ್ತ ತಿರುಗಿ ಕೂತಳು. "ಈಗ ನೀವೇಳಿ, ಮೊದ್ಲಿಂದ." ಶುರು ಮಾಡಿದೆ. ಎರಡು ಮಾತಾಡುವಷ್ಟರಲ್ಲಿ ತಡವರಿಸಿದೆ. ಆ ಕೆಲಸದ ಪದಗಳೆಲ್ಲ ನನ್ನ ತಲೆಯಲ್ಲಿ ಹಿಂದಿಯಲ್ಲೇ ಉಳಿದಿದ್ದವು. ಅವನ್ನು ನಾನು ಎಂದೂ ಕನ್ನಡದಲ್ಲಿ ಆಡಿರಲಿಲ್ಲ, ಮನಸ್ಸಿನೊಳಗೂ. "ನಿಧಾನ ಏಳಿ, ಗುಂಡ್ಲುಪೇಟೆ ಇನ್ನೂ ದೂರ ಅದೆ" ಅಂದಳು.

ಈಗ ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ ಒಂದೊಂದು ಪ್ರಶ್ನೆ ಕೇಳುತ್ತಾಳೆ. ಕೆಲವಕ್ಕೆ ಉತ್ತರ ಕೊಡುತ್ತೇನೆ. ಇನ್ನು ಕೆಲವಕ್ಕೆ ಗೇಟಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತೇನೆ, ಅವಳೂ ತಡೆಯುವುದಿಲ್ಲ.