ಕಾರಿನ ಸ್ಟೀರಿಯೊ ಬಿಚ್ಚಿದಾಕೆ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರುಗಳಿಗೆ ಸ್ಟೀರಿಯೊ ಹಾಕುತ್ತಿದ್ದ ಆಕೆ, ಕೆಲಸಕ್ಕೆ ಕೂರುವ ಮುಂಚೆ ಮಣಿಬಳೆಗಳನ್ನು ಬಿಚ್ಚಿ ಗೇರಿನ ಹಿಡಿಗೆ ಸಿಕ್ಕಿಸುತ್ತಿದ್ದಳು. ಯಾರು ಅವಸರ ಮಾಡಿದರೂ ಒಂದೇ ಮಾತು: “ಪೋಲೆ ಪೋಲೆ.” ಸ್ವಾಹಿಲಿಯಲ್ಲಿ ‘ನಿಧಾನ, ನಿಧಾನ’ ಎಂದರ್ಥ.

ನಮ್ಮ ಹಳೆಯ ಕಾರಿನ ಸ್ಟೀರಿಯೊದೊಳಗೆ, ತೀರಿಹೋದ ನನ್ನ ಗಂಡ ಹಾಡಿದ್ದ ಕ್ಯಾಸೆಟ್ ಸಿಕ್ಕಿಕೊಂಡಿತ್ತು.

“ಅದು ಹೋದರೆ ಹೋಗಲಿ, ನಾನು ತಂದಿರುವ ಹೊಸ ಸ್ಟೀರಿಯೊ ಹಾಕಿಬಿಡಿ” ಎಂದೆ. ಹಾಗೆನ್ನುವಾಗಲೂ ನನ್ನ ಕೈ ಹಳೆಯದರ ಮೇಲೇ ಇತ್ತು.

ಆಕೆ ನನ್ನ ಮುಖ ನೋಡಿದಳು. ಹಳೆಯದನ್ನು ಬಿಚ್ಚಿ, ಹರಿದಿದ್ದ ಟೇಪನ್ನು ಅಂಟಿಸಿ, ಮತ್ತೆ ಆ ಹಳೆಯ ಸ್ಟೀರಿಯೊಗೇ ತಂತಿ ಜೋಡಿಸಿದಳು. ಕಾರಿನ ತುಂಬ ನಮ್ಮವರ ದನಿ. ಕನ್ನಡ ತಿಳಿಯದ ಆಕೆ ಸ್ವಲ್ಪ ಹೊತ್ತು ಕೇಳಿ, “ಮಮಾ, ನಿಮ್ಮವರಿಗೆ ಹಾಡೋಕೆ ಬರ್ತಿರಲಿಲ್ಲ ಅಲ್ವಾ?” ಎಂದು ಸ್ವಾಹಿಲಿಯಲ್ಲಿ ಕೇಳಿದಳು.

ಅವರು ಹೋದಮೇಲೆ ಮೊದಲ ಸಲ ನಾನು ಜೋರಾಗಿ ನಕ್ಕೆ. ಆಕೆಯೂ ನಗುತ್ತಾ ಹೊಸ ಸ್ಟೀರಿಯೊವನ್ನು ಡಬ್ಬಕ್ಕೆ ಹಾಕಿ ನನ್ನ ಮಡಿಲಲ್ಲಿಟ್ಟಳು.