ಮೇಷ್ಟ್ರು ತಂದ ವೈರಸ್ ಫೋಟೋ

ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಕೆಂಪು ಸೋಪು ಕೊಟ್ಟು, ಕೈ ತೊಳೆದು ಒಳಗೆ ಬನ್ನಿ ಅಂದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅರಕಲಗೂಡಿನ ವಿಜ್ಞಾನದ ಮೇಷ್ಟ್ರು ನೆನಪಾದರು. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ರಾಮನಾಥಪುರದಲ್ಲಿ ಯಜಮಾನರ ಹೊಗೆಸೊಪ್ಪಿನ ಹೊಲಕ್ಕೆ ನಮ್ಮ ಕೇರಿಯ ಹೆಂಗಸರೇ ಸಸಿ ನೆಡಬೇಕು. ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ಆ ವರ್ಷ ಎಲೆಯ ತುಂಬ ತಿಳಿಹಸಿರು ಮಚ್ಚೆ ಎದ್ದು ಸೊಪ್ಪು ಮುರುಟತೊಡಗಿತು. ಯಜಮಾನರು ಮೇಷ್ಟ್ರನ್ನು ಕರೆಸಿದರು. ಅವರು ಸ್ಕೂಲಿನ ಸೂಕ್ಷ್ಮದರ್ಶಕವನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದು, ಎಲೆಯ ರಸ ಹಿಂಡಿ, ಬಗ್ಗಿ ಬಗ್ಗಿ ನೋಡಿದರು. ಏನೂ ಕಾಣಲಿಲ್ಲ.

“ಇದು ವೈರಸ್ಸು. ಈ ಗಾಜಿಗೆ ಕಾಣಲ್ಲ. ಹೊಗೆಸೊಪ್ಪು ತಿಕ್ಕಿದ ಕೈಯಿಂದ ಸಸಿಗೆ ಅಂಟುತ್ತೆ. ಎಲ್ಲರೂ ಸೋಪು ಹಾಕಿ ಕೈ ತೊಳೀರಿ” ಅಂದರು.

ಅವ್ವ ಸಸಿಯ ಕುಕ್ಕೆ ಕೆಳಗಿಟ್ಟಳು. “ನಾವ್ ಮುಟ್ಟುದ್ರೆ ಗಿಡಾನೂ ಮೈಲ್ಗೆ ಆಯ್ತದಾ ಸಾ?”

ಮೇಷ್ಟ್ರ ಮುಖ ಪೆಚ್ಚಾಯಿತು. ಹಾಗಲ್ಲ ಎಂದು ತೋರಿಸಲು ಅವರ ಹತ್ತಿರ ಏನಿತ್ತು... ಯಜಮಾನರು ಮಾತ್ರ ಅಂಗೈಯಲ್ಲಿ ಹೊಗೆಸೊಪ್ಪು, ಸುಣ್ಣ ತಿಕ್ಕುತ್ತಾ, ಅದೇ ಕೈಯಲ್ಲಿ ಸಸಿ ಮುಟ್ಟುತ್ತಾ ಸಾಲಿನುದ್ದ ಓಡಾಡಿದರು. ಇದೇ ಘಾಟಿನ ಕೆಂಪು ಸೋಪು ನಮಗಷ್ಟೇ ಬಂತು. ರೋಗ ನಿಲ್ಲಲಿಲ್ಲ. ನಮ್ಮ ಕೈಗುಣವೇ ಸರಿಯಿಲ್ಲವೆಂದು ಕೇರಿಯವರನ್ನೆಲ್ಲ ಕೆಲಸದಿಂದ ಬಿಡಿಸಿದರು.

ಯುದ್ಧ ಮುಗಿದ ಮೇಲೆ ಮೇಷ್ಟ್ರು ನಮ್ಮ ಕೇರಿಗೇ ಬಂದರು. ಹಾಸನದಲ್ಲಿ ಯಾರೋ ಕೊಟ್ಟ ಪರದೇಶದ ಪತ್ರಿಕೆಯ ಹಾಳೆ ಕೈಯಲ್ಲಿತ್ತು. ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕ ಬಂದಿದೆಯಂತೆ. ಅದರಲ್ಲಿ ತೆಗೆದ ಫೋಟೋ. ಬೆಂಕಿಕಡ್ಡಿ ಚೆಲ್ಲಿದ ಹಾಗೆ ನೆಟ್ಟನೆಯ ಸಣ್ಣ ಕಡ್ಡಿಗಳು.

“ಇದೇ ಕಣಮ್ಮ ಆ ವೈರಸ್ಸು. ಇದರ ಆಕಾರ ಇಷ್ಟೇ. ಯಾರ ಕೈಗಾದರೂ ಹತ್ತುತ್ತೆ, ನನ್ನ ಕೈಗೂ.”

ಅವ್ವ ಬಹಳ ಹೊತ್ತು ನೋಡಿದಳು. “ಯಜಮಾನ್ರಿಗೆ ತೋರ್ಸಿದ್ರಾ ಸಾ?”

“ತೋರಿಸಿದೆ. ನಕ್ಕುಬಿಟ್ಟರು.”

“ಅಂಗಾರೆ ನಂಗ್ಯಾಕ್ ತೋರ್ಸ್ತೀರಿ? ನನ್ ಕೈ ಎಂಗೈತೆ ಅಂತ ನಂಗ್ ಗೊತ್ತು ಕಣ್ ಸಾ.”

ಮೇಷ್ಟ್ರು ಹಾಳೆಯನ್ನು ಜಗಲಿಯ ಮೇಲೇ ಬಿಟ್ಟು ಹೋದರು. ಆಮೇಲೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು, ಅಲ್ಲೇ ತೀರಿಕೊಂಡರು ಎಂದು ಯಾರೋ ಹೇಳಿದರು... ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ನಿಜವಾದ ಮಾತು ಅಷ್ಟು ದಂಡವಾಯಿತಲ್ಲ ಎಂದು ಸಿಟ್ಟು.

ಮೊನ್ನೆ ನರ್ಸಮ್ಮನನ್ನು ಕೇಳಿಯೇಬಿಟ್ಟೆ, ಡಾಕ್ಟರೂ ತೊಳೆಯುತ್ತಾರಾ ಎಂದು.

“ಅವರೇ ಮೊದಲು ತೊಳೀಬೇಕು ಅಜ್ಜಿ” ಅಂದಳು.

ಆ ಮಾತು ಕೇಳಲು ಮೇಷ್ಟ್ರೂ ಇರಲಿಲ್ಲ, ಅವ್ವನೂ ಇರಲಿಲ್ಲ.