ಹದಿನಾಲ್ಕು ಸಾಲಿಗೆ ಒಂದು ಕಾರಣ

ಬೀದರಿನ ಚಿದ್ರಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಈಗಲೂ ಅಲ್ಲೇ ತಾಯಿ ವಹೀದಾ ಜೊತೆ ಇರುವ ನಸ್ರೀನಳಿಗೆ ಮೂವತ್ತನಾಲ್ಕು ವರ್ಷ. ದಿನಾ ಒಂಬತ್ತಕ್ಕೆ ಸ್ಕೂಟಿ ಏರಿ ಕೊಳಾರದ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಾಳೆ. ಅಲ್ಲಿ ಬೇಳೆ ಗಿರಣಿಯ ಮಗ್ಗುಲಿಗೆ ಐದು ಜನರ ಒಂದು ಪುಟ್ಟ ಕಂಪನಿ. ಮಗಳು ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ವಹೀದಾ, ಒಂದು ಕಂಪ್ಯೂಟರನ್ನು ನಲವತ್ತು ಮಾಡುತ್ತಾಳೆ ಎನ್ನುತ್ತಾರೆ.

ಮಾತು ತಪ್ಪೇನಲ್ಲ. ನಲವತ್ತು ಯಂತ್ರ ಕೊಳ್ಳಲಾಗದ ಕಾಲೇಜಿಗೆ ಇವರು ಒಂದೇ ಗಟ್ಟಿ ಸರ್ವರ್ ಕೊಡುತ್ತಾರೆ. ಅದರೊಳಗೆ ನಲವತ್ತು ವರ್ಚುವಲ್ ಯಂತ್ರಗಳು, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳು. ಮೇಜಿನ ಮೇಲೆ ಪರದೆ, ಕೀಲಿಮಣೆ ಇಷ್ಟೇ. ಕೂತ ವಿದ್ಯಾರ್ಥಿಗೆ ಮಾತ್ರ ಇದು ತನ್ನೊಬ್ಬನದೇ ಕಂಪ್ಯೂಟರ್ ಅನ್ನಿಸಬೇಕು. ಎಲ್ಲರಿಗೂ ಮುಕ್ತವಾಗಿ ಸಿಗುವ ಕೋಡನ್ನು ತಮಗೆ ಹೊಂದುವಂತೆ ತಿದ್ದಿಕೊಂಡು ಇದನ್ನು ನಡೆಸುತ್ತಾರೆ; ತಿದ್ದಿದ್ದನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಆ ಕೋಡಿನ ಒಂದೊಂದು ಸಾಲೂ ಕೈಲಾಶ ಒಪ್ಪಿದ ಮೇಲೆಯೇ ಒಳಗೆ ಹೋಗಬೇಕು. ಕೈಲಾಶ ಭಾಲ್ಕಿಯವರು, ದಿನಾ ರೈಲಿನಲ್ಲಿ ಬಂದು ಹೋಗುವ ಹಿರಿಯರು.

ಕಳೆದ ಮಾರ್ಚಿನಲ್ಲಿ ಔರಾದಿನ ಒಂದು ಡಿಪ್ಲೊಮಾ ಕಾಲೇಜಿನಿಂದ ದೂರು ಬಂತು: ಎಲ್ಲರೂ ಕೂತರೆ ಯಂತ್ರಗಳು ತೆವಳುತ್ತವೆ. ಅದು ನಸ್ರೀನಳ ಪಾಲಿಗೆ ಬಂತು.

ಒಳಗಿನ ಯಂತ್ರಕ್ಕೆ ಡಿಸ್ಕು ಬೇಕಾದಾಗ, ಗಡಿಯಾರ ಬೇಕಾದಾಗ ಅದು ಕೆಲಸ ನಿಲ್ಲಿಸಿ, ನಲವತ್ತನ್ನೂ ನಡೆಸುವ ಹೊರಗಿನ ಯಜಮಾನ ಕೋಡಿನ ಹತ್ತಿರ ಬರಬೇಕು. ಬರುವಾಗ ಪ್ರೊಸೆಸರಿನಲ್ಲಿದ್ದುದನ್ನೆಲ್ಲ ಎತ್ತಿಡಬೇಕು, ಹೋಗುವಾಗ ಮತ್ತೆ ಜೋಡಿಸಿ ಕೊಡಬೇಕು. ಸೆಕೆಂಡಿಗೆ ಸಾವಿರಾರು ಸಲ ಈ ಓಡಾಟ. ನಸ್ರೀನ ಇಲ್ಲೇ ಕೈ ಹಾಕಿದಳು. ಮೂರು ವಾರ ಕೂತು ಮೂರು ತಿದ್ದುಪಡಿ ಮಾಡಿದಳು. ಎತ್ತಿಟ್ಟು ಜೋಡಿಸುವ ಭಾಗವನ್ನು ಪ್ರೊಸೆಸರಿಗೆ ತೀರಾ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಕೈಯಾರೆ ಬರೆದಳು. ಮಾಹಿತಿಯನ್ನು ಇಡುವ ಕ್ರಮ ಬದಲಿಸಿದಳು. ಮೂರನೆಯದು ಹದಿನಾಲ್ಕೇ ಸಾಲು: ದೊಡ್ಡ ಲೆಕ್ಕಕ್ಕೆ ಬೇಕಾಗುವ ರಿಜಿಸ್ಟರುಗಳನ್ನು, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಖಾನೆಗಳನ್ನು, ಪ್ರತಿ ಓಡಾಟಕ್ಕೂ ಎತ್ತಿಡದೆ, ಬೇರೆ ಯಂತ್ರದ ಸರದಿ ಬಂದಾಗಷ್ಟೇ ಎತ್ತಿಡುವುದು.

ಕೈಲಾಶ ಓದಿ ಕನ್ನಡಕ ತೆಗೆದರು.

"ಮೇಡಂ, ಇದನ್ನ ತಿಳ್ಕೊಳ್ಲಾಕ ನನಗ ಎರಡು ದಿನ ಹಿಡೀತು. ನಾಳಿ ನೀವೂ ನಾನೂ ಇಲ್ದಾಗ ಇಲ್ಲಿ ತಪ್ಪು ಬಂದ್ರ ಯಾರು ಹುಡುಕ್ತಾರ್ರಿ?"

"ಜೋರು ಓಡ್ತದ ಸರ್. ನನ್ನ ಟೆಸ್ಟಿನ್ಯಾಗ ನೂರಕ್ಕ ಒಂಬತ್ತು ಪಾಲು ಹೊತ್ತು ಉಳೀತದ."

"ನಿಮ್ಮ ಟೆಸ್ಟಿನ್ಯಾಗ ಓಡ್ಲಿ. ಔರಾದಿನ ಹುಡುಗೂರಿಗಿ ಓಡ್ತದೇನು? ಅದನ್ನ ತೋರಸ್ರಿ, ಒಪ್ತೀನಿ."

ನಸ್ರೀನಳಿಗೆ ಮುಖ ಸಣ್ಣದಾಯಿತು. ಆದರೂ ಮಾತು ನ್ಯಾಯವಾಗಿಯೇ ಇತ್ತು.

ಮರುದಿನ ಔರಾದಿನ ಬಸ್ ಹಿಡಿದಳು. ಲ್ಯಾಬಿನ ಉಸ್ತುವಾರಿ ಸಪನಾ ಎಂಬ ಶಿಕ್ಷಕಿಯದು. ನಲವತ್ತು ಹುಡುಗರನ್ನು ಕೂಡಿಸಿ, ಒಂದೇ ಪ್ರೋಗ್ರಾಮನ್ನು ಎಲ್ಲರೂ ಒಮ್ಮೆಗೇ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ತಿರುಗಿಸಿದರೆ ಕೊನೆಯವನದು ಮುಗಿಯಲು ಎಷ್ಟು ಹೊತ್ತು ಎಂದು ಅಳೆದರು. ಬೆಳಗ್ಗೆ ಹಳೆಯ ಕೋಡು, ಹತ್ತು ಸಲ. ಊಟವಾದ ಮೇಲೆ ಮೂರೂ ತಿದ್ದುಪಡಿಯ ಹೊಸ ಕೋಡು, ಹತ್ತು ಸಲ. ಹಳೆಯದಕ್ಕೆ ಸರಾಸರಿ ಐವತ್ತೆರಡು ಸೆಕೆಂಡು. ಹೊಸದಕ್ಕೆ ಐವತ್ಮೂರು.

ನಸ್ರೀನ ಪರದೆಯನ್ನೇ ನೋಡುತ್ತ ಕೂತಳು. ಮೂರು ವಾರದ ಕೆಲಸ ಒಂದು ಸೆಕೆಂಡು ನಷ್ಟ ತಂದಿತ್ತು. ಎಲ್ಲವನ್ನೂ ಹಿಂತೆಗೆದುಕೊಳ್ಳುವೆನೆಂದು ಕೈಲಾಶರಿಗೆ ಸಂದೇಶ ಬರೆಯುತ್ತಿದ್ದಳು. ಸಪನಾ ಚಹಾ ತಂದಿಟ್ಟು ಬದಿಗೆ ನಿಂತರು.

"ಮೇಡಂರಿ, ನೀವು ಬರೆದದ್ದು ನನಗ ತಿಳಿಯಂಗಿಲ್ಲ. ಆದ್ರ ಒಂದು ಮಾತು. ಮಧ್ಯಾಹ್ನ ಆದ್ಮ್ಯಾಲ ಈ ಸರ್ವರ್ ಎಂದೂ ಮುಂಜಾನಿ ಹಂಗ ಓಡಂಗಿಲ್ರಿ. ಮ್ಯಾಲ ಪತ್ರಾ ಅದ, ಕಾಯ್ತದ."

ನಸ್ರೀನ ತಲೆಯೆತ್ತಿ ತಗಡಿನ ಸೂರನ್ನು ನೋಡಿದಳು. ಬಿಸಿಯಾದರೆ ಪ್ರೊಸೆಸರು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅದನ್ನು ಪಾಠದಲ್ಲಿ ಓದಿದ್ದಳು, ಬೇರೆಯವರಿಗೂ ಹೇಳಿದ್ದಳು. ಹಳೆಯದನ್ನು ತಂಪಿನಲ್ಲಿ ಓಡಿಸಿ ಹೊಸದನ್ನು ಉರಿಯಲ್ಲಿ ಓಡಿಸಿದ್ದಳು.

ಬರೆಯುತ್ತಿದ್ದ ಸಂದೇಶ ಅಳಿಸಿದಳು. ಇನ್ನೆರಡು ದಿನ ಅದೇ ಬಸ್ಸಿಗೆ ಬಂದಳು. ಈ ಸಲ ಒಮ್ಮೆ ಹಳೆಯದು, ಒಮ್ಮೆ ಹೊಸದು, ಒಂದಾದ ಮೇಲೊಂದು. ಮೂರು ತಿದ್ದುಪಡಿಯನ್ನೂ ಬೇರೆ ಬೇರೆಯಾಗಿ ಓಡಿಸಿದಳು. ಹುಡುಗರಿಗೆ ಇದೊಂದು ಪಂದ್ಯದಂತಾಗಿ ಮುಗಿದವರು ಕೈ ಎತ್ತುತ್ತಿದ್ದರು. ಸಪನಾ ಹಲಗೆಯ ಮೇಲೆ ಬರೆಯುತ್ತಿದ್ದರು.

ಉತ್ತರ ಸ್ಪಷ್ಟವಾಗಿ ಬಂತು. ಅಸೆಂಬ್ಲಿಯಿಂದ ಒಂದು ಸೆಕೆಂಡೂ ಉಳಿದಿರಲಿಲ್ಲ; ಕಂಪೈಲರು ಮೊದಲೇ ಅಷ್ಟು ಚೆನ್ನಾಗಿ ಬರೆಯುತ್ತಿತ್ತು. ಎರಡನೆಯದು ಆಫೀಸಿನ ಅವಳ ಟೆಸ್ಟಿನಲ್ಲಿ ಮಾತ್ರ ಫಲ ಕೊಡುತ್ತಿತ್ತು. ಹದಿನಾಲ್ಕು ಸಾಲಿನದು ಮಾತ್ರ ಬೆಳಗ್ಗೆಯೂ ಆರು ಸೆಕೆಂಡು, ಮಧ್ಯಾಹ್ನವೂ ಆರು ಸೆಕೆಂಡು ಉಳಿಸುತ್ತಿತ್ತು. ಅನುಮಾನ ಉಳಿಯದಿರಲೆಂದು ಭಾಲ್ಕಿಯ ಇನ್ನೊಂದು ಕಾಲೇಜಿನಲ್ಲೂ ಅಳೆದಳು. ಅಲ್ಲಿ ಐದು.

ಮುನ್ನೂರು ಸಾಲಿನ ಅಸೆಂಬ್ಲಿಯನ್ನೂ ಎರಡನೆಯ ತಿದ್ದುಪಡಿಯನ್ನೂ ಅವಳು ತಾನೇ ಅಳಿಸಿದಳು. ಉಳಿದ ಹದಿನಾಲ್ಕು ಸಾಲಿನ ಮೇಲೆ ಕೋಡಿನೊಳಗೇ ಎರಡು ಪುಟದ ಟಿಪ್ಪಣಿ ಬರೆದಳು: ಇದು ಯಾಕಿದೆ, ಎಲ್ಲಿ ಅಳೆದದ್ದು, ಹೇಗೆ ಅಳೆದದ್ದು, ಯಾವಾಗ ಇದನ್ನು ತೆಗೆದುಹಾಕಬಹುದು, ಮೊದಲ ದಿನದ ಲೆಕ್ಕ ಯಾಕೆ ತಪ್ಪಿತು.

ಕೈಲಾಶ ಟಿಪ್ಪಣಿಯನ್ನು ಎರಡು ಸಲ ಓದಿದರು. ಒಂದು ಕಡೆ ಅಲ್ಪವಿರಾಮ ತಿದ್ದಿದರು.

"ಇದು ಹತ್ತು ವರ್ಷ ಆದ್ಮ್ಯಾಲೂ ತಿಳೀತದ" ಎಂದು ಒಪ್ಪಿಗೆ ಒತ್ತಿದರು. ಅಷ್ಟು ಮೆಚ್ಚುಗೆ ಅವರಿಂದ ಕೇಳಿದವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ.

ಔರಾದಿನವರಿಗೆ ಹೊಸ ಕೋಡಿನ ಜೊತೆ ಸರ್ವರನ್ನು ಉತ್ತರ ದಿಕ್ಕಿನ ತಂಪು ಕೋಣೆಗೆ ಸಾಗಿಸುವ ಸಲಹೆಯೂ ಹೋಯಿತು. ಎರಡೂ ಸೇರಿ ದೂರು ನಿಂತಿತು. ವಾರದ ನಂತರ ಸಪನಾ ಫೋನ್ ಮಾಡಿದರು.

"ಮೇಡಂರಿ, ನಿಮ್ಮ ಕೋಡಿನ್ಯಾಗ ನನ್ನ ಹೆಸರು ಅದ ಅಂತ ಹುಡುಗೂರು ತೋರಿಸಿದ್ರು. ಯಾಕ ಹಾಕೀರಿ?"

"ಬಿಸಿಲಿಂದು ಹೇಳಿದೋರು ನೀವ ಅಲ್ಲೇನ್ರಿ?"

ಸಪನಾ ನಕ್ಕರು, ಮುಂದಿನ ಸಲ ಬಂದರೆ ಊಟಕ್ಕೆ ಮನೆಗೇ ಬರಬೇಕೆಂದರು. ನಸ್ರೀನ ಶನಿವಾರದ ಬಸ್ಸಿನ ಸಮಯ ಕೇಳಿಕೊಂಡಳು.